ಒಬ್ಬಳಿಗಾಗಿ ಬರೆದ ಟೈಟಲ್

ವಿಡಿಯೋಗೆ ಹೆಸರಿಡುವುದು ಮಗುವಿಗೆ ಹೆಸರಿಟ್ಟ ಹಾಗಲ್ಲ. ಮಗುವಿನ ಹೆಸರು ಒಂದು ಸಲ ಇಟ್ಟರೆ ಮುಗಿಯಿತು, ಸಾಯುವವರೆಗೂ ಅದೇ. ವಿಡಿಯೋದ ಹೆಸರು ನೋಡಿ ಮೊದಲ ಗಂಟೆಯಲ್ಲಿ ಜನ ಒತ್ತಲಿಲ್ಲವೆಂದರೆ ಬದಲಿಸಬೇಕು, ಆಗಲೂ ಒತ್ತಲಿಲ್ಲವೆಂದರೆ ಮತ್ತೆ ಬದಲಿಸಬೇಕು. ಪಾಂಡವಪುರದ ಬಸ್‌ಸ್ಟಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಮಾಡುತ್ತಿದ್ದದ್ದು ಈ ಕೆಲಸವನ್ನೇ. ಕುರಿ ಸಾಕಣೆಯ ಚಾನೆಲ್ಲೊಂದಕ್ಕೆ ಟೈಟಲ್ ಬರೆಯುವುದು. ನಗಬೇಡಿ. ಕುರಿಯ ಬಗ್ಗೆ ನಾಲ್ಕು ಮಾತು ಕೇಳಲು ಈ ನಾಡಿನಲ್ಲಿ ಎಷ್ಟು ಜನ ಕಾದು ಕೂತಿದ್ದಾರೆಂದು ನಿಮಗೆ ಗೊತ್ತಿಲ್ಲ.

ಚಾನೆಲ್ಲು ನನ್ನ ಗೆಳೆಯನದು. ಊರೂರು ಅಲೆದು, ಕಂಡವರ ಕೊಟ್ಟಿಗೆಗೆ ನುಗ್ಗಿ, ಕುರಿಯ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾ ಮಾತಾಡುವವನು ಅವನು. ಅವನು ತಂದದ್ದನ್ನು ಕತ್ತರಿಸಿ ಜೋಡಿಸುತ್ತಿದ್ದವರು ನಾಗಮಂಗಲದ ಒಬ್ಬ ಹೆಂಗಸು, ಮದುವೆ ವಿಡಿಯೋಗಳ ಎಡಿಟರ್. ಎಲ್ಲ ಮುಗಿದ ಮೇಲೆ ಹೆಸರಿಡುವುದು ನಾನು. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಹೆಡ್ಡಿಂಗ್ ಕೊಡುವವನೆಂದು "ಲೇ ಎಡ್ಡಿಂಗು" ಅನ್ನುತ್ತಿದ್ದ.

ಟೈಟಲ್ಲಿಗೂ ಕಟ್ಟುಪಾಡುಗಳಿವೆ. ಫೋನಿನಲ್ಲಿ ಕಾಣುವುದು ಎರಡು ಸಾಲು, ಉಳಿದದ್ದು ಚುಕ್ಕಿಗಳಾಗಿ ಹೋಗುತ್ತದೆ. ಕನ್ನಡದ ಅಕ್ಷರಗಳು ಅಗಲ, ಆ ಎರಡು ಸಾಲಿನಲ್ಲಿ ಹೆಚ್ಚು ಪದ ಹಿಡಿಸುವುದಿಲ್ಲ. ಆದ್ದರಿಂದ ಮುಖ್ಯವಾದದ್ದು ಮೊದಲು ಬರಬೇಕು. ನಮಗೆ ಮುಖ್ಯವಾದದ್ದು ಅವನ ಹೆಸರು, ಏಕೆಂದರೆ ಜನ ಅದನ್ನು ಹೇಳಿಯೇ ಹುಡುಕುತ್ತಿದ್ದರು. ಹೆಸರಾದ ಮೇಲೆ ಒಂದು ಪ್ರಶ್ನೆ, ಉತ್ತರ ಬಿಟ್ಟುಕೊಡದ ಪ್ರಶ್ನೆ. "ಕುರಿಗೆ ಜಂತುಹುಳದ ಔಷಧಿ ಕುಡಿಸುವ ವಿಧಾನ" ಎಂದು ಬರೆದರೆ ನೊಣವೂ ಬಂದು ಕೂರುವುದಿಲ್ಲ. "ಎಷ್ಟು ಮೇಯಿಸಿದರೂ ಕುರಿ ಬಡಕಲಾಗೋದ್ಯಾಕೆ?" ಎಂದರೆ ಕೆ.ಆರ್. ಪೇಟೆಯವರೂ ಒತ್ತುತ್ತಾರೆ, ಕಾಣದ ಸೀಮೆಯವರೂ ಒತ್ತುತ್ತಾರೆ. ಗೆಳೆಯನಿಗೆ ಒಂದೇ ತಕರಾರು. "ಒಳ್ಗಡೆ ಇರೋದೇ ಒಂದು, ಬೋರ್ಡಲ್ಲಿರೋದೇ ಒಂದು ಆಗ್‌ಬಾರ್ದು ಕಣ್ಲಾ. ಆಸೆ ಪಟ್ಕಂಡ್ ಬಂದೋರ್ನ ಬರಿಗೈಲಿ ಕಳಿಸ್‌ಬ್ಯಾಡ."

ಬಿಂಡಿಗನವಿಲೆಯ ಒಂದು ಮನೆಯಲ್ಲಿ ಶೂಟಿಂಗ್ ಮುಗಿಸಿ ಬರುವಾಗ, ಬೆಳ್ಳೂರು ಕ್ರಾಸಿನ ಹತ್ತಿರ ಹೈವೇಯಲ್ಲಿ ಅವನ ಬೈಕಿಗೆ ಲಾರಿ ತಗುಲಿತು. ಆಸ್ಪತ್ರೆ ಮುಟ್ಟುವ ತನಕವೂ ಉಳಿಯಲಿಲ್ಲ. ಬೆನ್ನಿನ ಬ್ಯಾಗಿನಲ್ಲಿದ್ದ ಕ್ಯಾಮೆರಾದ ಕಾರ್ಡು ಮಾತ್ರ ನೆಟ್ಟಗಿತ್ತು. ಇಂಥವೆಲ್ಲ ಯಾಕೆ ಉಳಿಯುತ್ತವೋ, ಉಳಿಯಬೇಕಾದವನು ಯಾಕೆ ಹೋಗುತ್ತಾನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರ ಹೊಲದ ಬದಿಯಲ್ಲಿ ಮಣ್ಣು ಮಾಡುವಾಗಲೇ ನಾಲ್ಕೈದು ಫೋನುಗಳು ತಲೆಗಳ ಮೇಲೆ ಎದ್ದು ನಿಂತಿದ್ದವು. ನಾವು ಮನೆಗೆ ಬಂದು ದೀಪ ನೋಡುವಷ್ಟರಲ್ಲಿ ವಿಡಿಯೋಗಳು ಬಂದಾಗಿತ್ತು. "ಮಗನ ಶವದ ಮುಂದೆ ತಾಯಿಯ ಗೋಳಾಟ." "ಮಗನ ಕಳ್ಕೊಂಡ ಅವ್ವನ ಕಣ್ಣೀರು." ಎಲ್ಲಕ್ಕಿಂತ ಜೋರಾಗಿ ಓಡಿದ್ದು ಇದು: "ಸಾಯೋ ಮುಂಚೆ ಮಗ ಅವ್ವನಿಗೆ ಹೇಳಿದ ಕೊನೇ ಮಾತು! ಕೊನೆವರೆಗೂ ನೋಡಿ." ಉರಿಯೋ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಅವು ಕಸುಬು ಗೊತ್ತಿರುವವರು ಬರೆದ ಟೈಟಲ್‌ಗಳು ಅನ್ನುವುದು ನನಗೆ ನೋಡಿದ ಕೂಡಲೇ ತಿಳಿದುಬಿಟ್ಟಿದ್ದು.

ತಿಥಿ ಕಳೆದು ಸ್ವಲ್ಪ ದಿನಕ್ಕೆ ಅವನ ತಂಗಿ ಫೋನ್ ಮಾಡಿದಳು. ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಊಟದ ಬಿಡುವಿನಲ್ಲಿ ಮಾಡಿದ್ದಳು. ಹಿಂದೆ ಪಾತ್ರೆಗಳ ಸದ್ದು.

"ಅಣ್ಣ, ಅವ್ವ ಇಡೀ ದಿನ ಆ ಸತ್ತಿರೋ ವಿಡಿಯೋಗಳ್ನೇ ನೋಡ್ತಾ ಕುಂತಿರ್ತಾಳೆ. ಒಂದ್ ತುತ್ತು ಉಣ್ಣಲ್ಲ. ನಾನ್ ಇಲ್ಲಿಗ್ ಬಂದ್‌ಬುಟ್ರೆ ಕೇಳೋರೇ ಇಲ್ಲ. ಫೋನ್ ಕಿತ್ಕಂಡ್ರೆ, ನನ್ ಮಗ ಇದ್ರೊಳ್ಗವ್ನೆ ಕೊಡೇ ಅಂತ ಗೋಳಾಡ್ತಾಳೆ."

ನಮ್ಮ ಚಾನೆಲ್ಲನ್ನೇ ತೆಗೆದುಕೊಟ್ಟು ಹೋಗು ಎಂದೆ.

"ಕೊಟ್ಟೆ ಅಣ್ಣ. ಒಂದ್ ಮುಗೀತಿದ್ದಂಗೆ ಅದ್ರ್ ಹಿಂದೇನೇ ಅವು ತಂತಾನೇ ಸುರುವಾಯ್ತವೆ. ಅವ್ವಂಗ್ ಓದಕ್ ಬರಲ್ಲ. ಮೈಕ್ ಒತ್ತಿ ಕೇಳ್ತಾಳೆ, ಅವೇ ಬತ್ತವೆ. ನೀವ್ ಟೈಟಲ್ ಬರೆಯೋರಲ್ವಾ, ನಮ್ಮಣ್ಣನ್ ವಿಡಿಯೋ ಮುಂದಕ್ ಬರಂಗ್ ಮಾಡಿ. ಇಲ್ದಿದ್ರೆ ಅವ್ವ ಉಳಿಯಾಕಿಲ್ಲ."

ಮೈಕ್ ಒತ್ತುವುದನ್ನು ಅವ್ವನಿಗೆ ಕಲಿಸಿದವನು ಅವನೇ. ಮಾದಪ್ಪನ ಪದ ಬೇಕಾದರೆ ಇಲ್ಲಿ ಒತ್ತಿ ಬಾಯಲ್ಲಿ ಹೇಳು, ಬರುತ್ತದೆ ಎಂದಿದ್ದ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆ ವಿಡಿಯೋಗಳ ಮೇಲೆ ದೂರು ಕಳಿಸಿದೆ. ನಿಯಮಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದು ಯಂತ್ರದ ಉತ್ತರ ಬಂತು. ಕೊನೇ ಮಾತಿನ ವಿಡಿಯೋ ಹಾಕಿದವನನ್ನು ಹುಡುಕಿ ಫೋನ್ ಮಾಡಿ ತೆಗೆಯಪ್ಪಾ ಎಂದು ಬೇಡಿಕೊಂಡೆ. "ಸಾರ್, ನೀವೂ ಇದೇ ಫೀಲ್ಡಲ್ಲಿರೋರು. ಓಡ್ತಿರೋ ವಿಡಿಯೋನ ಯಾರಾರಾ ತೆಗೀತಾರಾ?" ಎಂದು ಇಟ್ಟುಬಿಟ್ಟ. ತಂಗಿಗೆ ಹೇಳಿ ಅವ್ವನ ಫೋನಿನಲ್ಲಿ ಅಂಥ ಒಂದೊಂದು ಚಾನೆಲ್ಲಿಗೂ "ಬೇಡ" ಎಂದು ಒತ್ತಿಸಿದೆ. ಒಂದು ಹೋದರೆ ಅದರ ಜಾಗಕ್ಕೆ ಇನ್ನೆರಡು ಬಂದವು.

ಹಾಗಾದರೆ ಇವರನ್ನು ಇವರ ಆಟದಲ್ಲೇ ಸೋಲಿಸುತ್ತೇನೆ ಎಂದು ಹಟ ಹಿಡಿದೆ. ನನಗೆ ಬರುವುದು ಅದೊಂದೇ ವಿದ್ಯೆ.

ಹಳೆಯ ವಿಡಿಯೋ ಒಂದಿತ್ತು. ಮರಿಯ ಕಾಲು ಹಿಡಿದೆಳೆದ ಮಗನಿಗೆ ಅವ್ವ ಕ್ಯಾಮೆರಾದ ಮುಂದೆಯೇ ಬಾಯಿಗೆ ಬಂದಂತೆ ಬೈದದ್ದು. ಅದನ್ನು ಹೊಸದಾಗಿ ಕತ್ತರಿಸಿ ಕೊಡಿ ಎಂದು ಎಡಿಟರಿಗೆ ಹೇಳಿದೆ. ಅವರು ಆ ಬಿಂಡಿಗನವಿಲೆಯ ಕಾರ್ಡಿನ ಮಾತೆತ್ತಿದರು.

"ಸಾರ್, ಅದ್ನೇ ಹಾಕಿ, 'ಕೊನೆಯ ವಿಡಿಯೋ' ಅಂತ ಬರ್ದ್‌ಬುಡಿ. ಅವೆಲ್ಲಾ ಸಂಜೆ ಒಳ್ಗೆ ಕೆಳಿಕ್ ಬಿದ್ದೋಯ್ತವೆ."

ಅವರು ಆಸೆಬುರುಕರಲ್ಲ. ಮೂಗು ಒರೆಸಿಕೊಳ್ಳುತ್ತಲೇ ಹೇಳಿದ ಮಾತು ಅದು. ಲೆಕ್ಕದಲ್ಲಿ ನೂರಕ್ಕೆ ನೂರು ಸರಿಯೂ ಆಗಿತ್ತು. ನಾನು ಆ ಪದವನ್ನು ಬರೆದೆ, ನೋಡಿದೆ, ಅಳಿಸಿದೆ. ಅವನು ಸತ್ತದ್ದನ್ನು ಬಂಡವಾಳ ಮಾಡುವುದಾದರೆ ಆ ಕೊನೇ ಮಾತಿನ ವಿಡಿಯೋ ಹಾಕಿದವನಿಗೂ ನನಗೂ ಏನು ವ್ಯತ್ಯಾಸ?

ಬೈಗುಳದ ವಿಡಿಯೋಗೆ ಅವನ ಹೆಸರು ಮೊದಲಿಟ್ಟು, "ಅವ್ವ ಇಷ್ಟು ಬೈದದ್ದು ಯಾಕೆ ಗೊತ್ತಾ?" ಎಂದು ಬರೆದೆ. ಉಳಿದ ಹಳೆಯ ವಿಡಿಯೋಗಳ ಟೈಟಲ್‌ಗಳನ್ನೂ ಒಂದೊಂದಾಗಿ ಕುಟ್ಟಿ ತಟ್ಟಿ ಸರಿಮಾಡಿದೆ. ಎಲ್ಲದರಲ್ಲೂ ಅವನ ಹೆಸರು ಮುಂದೆ. ಎರಡನೇ ದಿನಕ್ಕೆ ಅವನ ಹೆಸರು ಹೇಳಿ ಹುಡುಕಿದರೆ ಸಾಲಾಗಿ ನಮ್ಮವೇ ಬರತೊಡಗಿದವು. ಗೋಳಾಟ, ಕಣ್ಣೀರುಗಳೆಲ್ಲ ಎಲ್ಲೋ ಕೆಳಗೆ. ನೋಡುವವರ ಲೆಕ್ಕ ತೋರಿಸುವ ಗೆರೆ ಮೇಲಕ್ಕೇರುವುದನ್ನು ನೋಡಿ ಹಳೆಯ ಅಭ್ಯಾಸಕ್ಕೆ "ಹೆಂಗಲಾ" ಎಂದು ಅವನಿಗೆ ಮೆಸೇಜು ಮಾಡಲು ಫೋನು ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ನೆನಪಾಯಿತು. ಕೋಣೆಯ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಆ ಸಂಜೆ ತಂಗಿಯ ಫೋನು ಬಂತು. "ಇಲ್ಲ ಅಣ್ಣ. ನನ್ ಫೋನಲ್ಲಿ ಬತ್ತವೆ. ಅವ್ವಂಗ್ ಮಾತ್ರ ಇನ್ನೂ ಅವೇ ಬತ್ತಾವೆ."

ನನಗೆ ಅರ್ಥವಾಗಲಿಲ್ಲ. ಭಾನುವಾರ ಹುಡುಗಿಗೆ ರಜೆ. ಅವತ್ತು ಅವರ ಊರಿಗೆ ಹೋದೆ.

ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ಮುಂದೆ ಕಟ್ಟಿದ್ದ ಎರಡು ಕುರಿಗಳಿಗೆ ಯಾರೋ ಹಾಕಿಹೋದ ಸೊಪ್ಪು. ಕೈಯಲ್ಲಿ ಫೋನು, ಅದರಲ್ಲಿ ಅದೇ ಕೊನೇ ಮಾತಿನ ವಿಡಿಯೋ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಕೊನೆಗಂಟ ನೋಡಿ, ಮಗ ಏನೇಳ್ದ ಅಂತ ಕೇಳಿ ಅಂತಾರೆ ಕಣಪ್ಪಾ ಇವ್ರು. ನಾನೂ ದಿನಾ ಕೊನೆಗಂಟ ನೋಡ್ತೀನಿ. ಕೊನೇಲಿ ಏನೂ ಇಲ್ಲ. ನಂಗೇನಾರಾ ಕೇಳುಸ್ತಾ ಇಲ್ವಾ? ನೀನೊಂದ್ ಸಲ ಕೇಳು."

ನಾನು ಕಿವಿಗೊಟ್ಟು ಕೇಳುವವನ ಹಾಗೆ ನಟಿಸಿದೆ. ಏನೂ ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. "ಕೊನೆವರೆಗೂ ನೋಡಿ" ಎಂದು ಬರೆಯುವುದೇ ಕೊನೆಯಲ್ಲಿ ಏನೂ ಇಲ್ಲದಿದ್ದಾಗ. ಈ ಮಾತನ್ನು ಅವಳಿಗೆ ಹೇಗೆ ಹೇಳಲಿ?

"ಇದ್ರಲ್ಲೇನಿಲ್ಲ ಕಣವ್ವಾ, ಬುಡು. ಅವ್ನ್ ವಿಡಿಯೋ ಎಂಗ್ ಉಡುಕ್ತೀಯಾ, ವಸಿ ತೋರ್ಸು" ಎಂದೆ.

ಅವ್ವ ಮೈಕಿನ ಗುರುತು ಒತ್ತಿದಳು. ಫೋನನ್ನು ಬಾಯಿಯ ಹತ್ತಿರ ತಂದಳು. ದಿನಾ ಮಧ್ಯಾಹ್ನ, ಅವನು ಯಾವ ಊರಿನ ಯಾವ ಕೊಟ್ಟಿಗೆಯಲ್ಲಿದ್ದರೂ ಫೋನ್ ಮಾಡಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು.

"ಮಗಾ, ಉಂಡ್ಯೇನ್ಲಾ?"

ಕೇಳಿ, ಉತ್ತರಕ್ಕೆ ಕಾಯುವವಳಂತೆ ಗಾಜಿನ ಮೇಲೆ ಕಣ್ಣಿಟ್ಟಳು. ಫೋನು ಮಗ ಎಂಬ ಪದ ಹಿಡಿದು ತನ್ನಲ್ಲಿದ್ದ ಮಗಂದಿರನ್ನೆಲ್ಲ ತಂದು ಸುರಿಯಿತು. ಮಗನ ಶವ, ಮಗನ ಕಳ್ಕೊಂಡ ಅವ್ವ, ಸಾಯೋ ಮುಂಚೆ ಮಗ. ಆ ಗಳ ಹಿರಿಯುವವರು ಎಲ್ಲ ಟೈಟಲ್ಲಿನಲ್ಲೂ ಇಟ್ಟಿದ್ದ ಪದವೇ ಅದು.

"ಅಂಗಲ್ಲ ಕಣವ್ವಾ. ಅವ್ನ್ ಎಸ್ರೇಳಿ ಕೇಳು, ಬತ್ತಾನೆ."

ಅವ್ವ ನಾಲಿಗೆ ಕಚ್ಚಿಕೊಂಡಳು. ಸೆರಗು ತಲೆಯ ಮೇಲಕ್ಕೆ ಬಂತು. ಬಾಗಿಲಲ್ಲಿ ನಿಂತಿದ್ದ ತಂಗಿ ಮೆಲ್ಲಗೆ, "ಅಣ್ಣ, ಅವ್ವ ಎಸ್ರೇಳಲ್ಲ. ಅದು ನಮ್ ತಾತನ್ ಎಸ್ರು" ಎಂದಳು.

ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಮೊದಲ ಗಂಡು ಮಗುವಿಗೆ ಗಂಡನ ಅಪ್ಪನ ಹೆಸರು. ಗಂಡನ ಅಪ್ಪನ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಂದರೆ ಈ ತಾಯಿ ತಾನು ಹೆತ್ತ ಮಗನನ್ನು ಹುಟ್ಟಿದಾಗಿನಿಂದ ಮಣ್ಣು ಮಾಡುವ ತನಕ ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ. ಮಗ, ಕೂಸು, ಪುಟ್ಟ, ಅಷ್ಟೇ. ನಮ್ಮ ಮನೆಯಲ್ಲೂ ನಮ್ಮಜ್ಜಿ ನಮ್ಮಪ್ಪನನ್ನು ಹಾಗೇ ಕರೆಯುತ್ತಿದ್ದದ್ದು. ಗೊತ್ತಿದ್ದ ಸಂಗತಿಯೇ. ಆದರೂ ನಾನು ಪಾಂಡವಪುರದಲ್ಲಿ ಕೂತು, ಯಾವ ಹೆಸರು ಅವಳ ಬಾಯಿಗೆ ಬರಲಾರದೋ ಅದನ್ನೇ ಎಲ್ಲ ಟೈಟಲ್‌ಗಳ ಮುಂದೆ ತಂದು ತಂದು ನಿಲ್ಲಿಸಿದ್ದೆ. ಲೋಕಕ್ಕೆಲ್ಲ ತೆರೆದ ಬಾಗಿಲನ್ನು ಅವಳೊಬ್ಬಳಿಗೆ ಮುಚ್ಚಿದ್ದೆ.

"ಈಗ ಯಾರವ್ವಾ ಕೇಳ್ತಾರೆ? ತಾತನೂ ಇಲ್ಲ. ಒಂದ್ ಸಲ ಏಳ್‌ಬುಡು" ಎಂದೆ.

"ಇಷ್ಟ್ ದಿನ ಏಳ್ದೆ ಇದ್ದೋಳು ಈಗೇಳಿ ಯಾರ್ನ ಕರ್ಕಂಬರ್ಲಪ್ಪಾ?" ಎಂದಳು ಅವ್ವ.

ಅಲ್ಲಿಂದ ನೇರವಾಗಿ ನಾಗಮಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಟೈಟಲ್ಲು ತಲೆಯಲ್ಲಿ ಸಿದ್ಧವಾಗಿಯೇ ಇತ್ತು, ಬರೆಯುವುದು ಏನೂ ಇರಲಿಲ್ಲ. ಅವಳು ಏನು ಕೇಳುತ್ತಾಳೋ ಅದೇ ಟೈಟಲ್. ಅವನ ಹೆಸರಿಲ್ಲ, ಕುರಿಯಿಲ್ಲ, ಊರಿಲ್ಲ. ಎಡಿಟರ್ ಅಂಗಡಿಯಲ್ಲಿ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ.

"ಇದ್ನ ಯಾರ್ ಸಾರ್ ಒತ್ತಾರೆ?"

"ಒಬ್ರು" ಎಂದೆ.

ಅವ್ವನ ಕಥೆ ಹೇಳಿದ ಮೇಲೆ ಅವರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಆದರೆ ಟೈಟಲ್ಲು ಸಿಕ್ಕರೆ ಸಾಲದು, ಒಳಗೆ ಅದಕ್ಕೆ ತಕ್ಕದ್ದು ಇರಬೇಕು. ಹಳೆಯ ಯಾವುದೋ ವಿಡಿಯೋಗೆ ಈ ಹೆಸರು ಅಂಟಿಸಿ ಅವ್ವನನ್ನು ಒಳಕ್ಕೆ ಕರೆದರೆ, ಅವಳನ್ನು ಬರಿಗೈಯಲ್ಲಿ ಕಳಿಸುವವರ ಸಾಲಿಗೆ ನಾನೂ ಸೇರಿದೆ ಎಂದೇ ಅರ್ಥ. ಇಬ್ಬರೂ ಅವನ ಕಾರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಲು ಕೂತೆವು. ಯಾವ ಮುಗಿದ ವಿಡಿಯೋದಲ್ಲೂ ಅವನು ಊಟದ ಮಾತೆತ್ತುವುದಿಲ್ಲ. ಎತ್ತಿದ್ದರೂ ಎಡಿಟರ್ ಕತ್ತರಿಸಿ ಎಸೆದಿರುತ್ತಾರೆ. ಅಂಥದ್ದೆಲ್ಲ ಯಾರಿಗೆ ಬೇಕು?

ಕೊನೆಗೆ, ನಾವಿಬ್ಬರೂ ಮುಟ್ಟದೆ ಇಟ್ಟಿದ್ದ ಬಿಂಡಿಗನವಿಲೆಯ ಕಾರ್ಡನ್ನು ತೆಗೆಯಬೇಕಾಯಿತು.

ತಾಯಿ ಸತ್ತ ಮರಿಯೊಂದನ್ನು ಬೇರೆ ಕುರಿಗೆ ಒಗ್ಗಿಸುವ ಶೂಟಿಂಗು ಅದು. ಆ ಮನೆಯ ಮುದುಕಿ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರುತ್ತಾಳೆ. ಕುರಿ ಮೂಸುತ್ತದೆ, ಒದೆಯುತ್ತದೆ, ಮತ್ತೆ ಮೂಸುತ್ತದೆ. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುದನಿಯಲ್ಲಿ ವಿವರಿಸುತ್ತಾನೆ. ಅದಾದ ಮೇಲೆ ಕ್ಯಾಮೆರಾವನ್ನು ನಿಲ್ಲಿಸಲು ಮರೆತು ಯಾವುದೋ ಕಟ್ಟೆಯ ಮೇಲಿಟ್ಟಿದ್ದ. ಚಿತ್ರ ಓರೆಯಾಗಿ ನಡುಮನೆಯ ಬಾಗಿಲನ್ನು ನೋಡುತ್ತಿತ್ತು. ಬಾಗಿಲಾಚೆ ಅವನು ತಟ್ಟೆಯ ಮುಂದೆ ಕೂತಿದ್ದ. ಮುದುಕಿಯ ದನಿ ಕೇಳಿಸಿತು.

"ಇನ್ನೊಂದ್ ಮುದ್ದೆ ಇಕ್ಲಾ ಮಗಾ?"

ಅವನು ತಲೆಯೆತ್ತಿ ನಕ್ಕ. "ಬ್ಯಾಡ ಕಣವ್ವಾ, ಉಂಡೆ. ಒಟ್ಟೆ ತುಂಬ್ತು."

ಎಡಿಟರ್ ಮೌಸಿನಿಂದ ಕೈ ತೆಗೆದರು. ಅದಾದ ಸ್ವಲ್ಪ ಹೊತ್ತಿಗೇ ಅವನು ಬೈಕು ಹತ್ತಿದ್ದು. ಹೊಟ್ಟೆ ತುಂಬಿಕೊಂಡೇ ಹೋದ ಅನ್ನುವುದು ಅದುವರೆಗೆ ನಮಗೂ ಗೊತ್ತಿರಲಿಲ್ಲ.

ಅವನ ಆ ಮಾತನ್ನೇ ವಿಡಿಯೋದ ಮೊದಲಿಗೆ ಇಟ್ಟೆವು. ಸಂಗೀತ ಬೇಡ, ಹೂವಿನ ಹಾರದ ಫೋಟೋ ಬೇಡ, ಓರೆ ಚಿತ್ರ ಓರೆಯಾಗಿಯೇ ಇರಲಿ ಎಂದೆ. ಅದರ ಹಿಂದೆ ಕುರಿ ಮತ್ತು ಮರಿಯ ಭಾಗ ಪೂರ್ತಿ. ಟೈಟಲ್: "ಮಗಾ, ಉಂಡ್ಯೇನ್ಲಾ?"

ಹಾಕಿದ ಮೇಲೆ ನಾನು ಊಹಿಸಿದ್ದೇ ಆಯಿತು. ಗೆರೆ ನೆಲ ಬಿಟ್ಟು ಏಳಲಿಲ್ಲ. "ಇದೇನ್ ಟೈಟಲ್ ಗುರೂ, ಅವ್ರಿದ್ದಾಗ ಇಂಗಿರ್ಲಿಲ್ಲ" ಎಂದು ಒಬ್ಬ ಬರೆದ. ಕೈ ತುರಿಸುತ್ತಿತ್ತು. ಅವನ ಹೆಸರೊಂದನ್ನು ಮುಂದೆ ಸೇರಿಸಿದರೆ ಸಾವಿರಾರು ಜನ ಬಂದುಬಿಡುತ್ತಾರೆ. ಸೇರಿಸಲಿಲ್ಲ. ಹೊಸ ವಿಡಿಯೋ ಹುಡುಕಾಟಕ್ಕೆ ಸಿಗಲು ಸಮಯ ಬೇಕು. ಜೊತೆಗೆ ಒಬ್ಬೊಬ್ಬರ ಫೋನು ಅವರವರು ನೋಡಿದ್ದನ್ನೇ ಮತ್ತೆ ಮುಂದಿಡುತ್ತದೆ. ಆದ್ದರಿಂದ ತಂಗಿಗೆ ಹೇಳಿ, ಅವ್ವನ ಫೋನಿನಲ್ಲಿ ಹಿಂದೆ ನೋಡಿದ್ದನ್ನೆಲ್ಲ ಅಳಿಸಿಸಿ, ತಂತಾನೇ ಮುಂದಿನದು ಶುರುವಾಗುವುದನ್ನು ನಿಲ್ಲಿಸಿ, ನಮ್ಮ ವಿಡಿಯೋವನ್ನು ಶುರುವಿನಿಂದ ಕೊನೆಯವರೆಗೆ ಓಡಿಸಲು ಹೇಳಿದೆ. ಅವ್ವ ಮಲಗಿದ್ದಾಗ ಅವಳು ಅದನ್ನೆಲ್ಲ ಮಾಡುತ್ತಿದ್ದಳು. ಮಾರನೆಯ ದಿನ ಅವ್ವ ಕೇಳಿದಾಗ ನಮ್ಮ ವಿಡಿಯೋ ಬರಲಿಲ್ಲ. ಅದರ ಮಾರನೆಯ ದಿನ ಎಲ್ಲೋ ಕೆಳಗೆ ಬಂತು.

ಮುಂದಿನ ಭಾನುವಾರ ನಾನು ಹೋದಾಗ ಊಟದ ಹೊತ್ತು. ಅವ್ವ ಎಂದಿನಂತೆ ಮೈಕ್ ಒತ್ತಿ ಕೇಳಿದಳು. ಎಲ್ಲಕ್ಕಿಂತ ಮೇಲೆ ಅವನ ಮುಖ ಬಂತು. ಬೆರಳು ತಾಗಿತು.

"ಬ್ಯಾಡ ಕಣವ್ವಾ, ಉಂಡೆ. ಒಟ್ಟೆ ತುಂಬ್ತು."

ಅವ್ವ ಅಳಲಿಲ್ಲ. ಇನ್ನೊಂದು ಸಲ ಕೇಳಿಸಿಕೊಂಡಳು. ಆಮೇಲೆ ಒಳಗಿದ್ದ ಮಗಳಿಗೆ ಕೂಗಿ, "ಉಂಡ್ನಂತೆ ಕಣೇ" ಎಂದಳು. ಎದ್ದು ಹೋಗಿ ತಾನೇ ತಟ್ಟೆ ತೆಗೆದುಕೊಂಡು, ಅರ್ಧ ಮುದ್ದೆ ಮುರಿದು ಹಾಕಿಕೊಂಡು, ಸಾರು ಬಿಟ್ಟುಕೊಂಡು ಕೂತಳು. ತಂಗಿ ಸೌದೆ ಒಲೆಯ ಕಡೆ ಮುಖ ತಿರುಗಿಸಿಕೊಂಡಳು. ನಾನು ಬರೆದ ಟೈಟಲ್‌ಗಳಲ್ಲಿ ಅಷ್ಟು ಕಡಿಮೆ ಜನ ಒತ್ತಿದ್ದು ಇನ್ನೊಂದಿಲ್ಲ, ಆದರೆ ನನ್ನ ಕಸುಬಿನ ಬಗ್ಗೆ ನನಗೆ ಹೆಮ್ಮೆಯಾದದ್ದು ಅವತ್ತೇ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಎಷ್ಟೋ ದಿನಗಳ ಮೇಲೆ ಅವನ ಕ್ಯಾಮೆರಾ ಬ್ಯಾಗನ್ನು ಮನೆಗೆ ಮುಟ್ಟಿಸಲು ಹೋದೆ. ಅವ್ವನ ಮೈಯಲ್ಲಿ ಸ್ವಲ್ಪ ಕಸುವು ಬಂದಿತ್ತು. ಕುರಿಗೆ ತಾನೇ ಸೊಪ್ಪು ಕಡಿದು ಹಾಕಿದ್ದಳು. ನನಗೂ ಬಡಿಸಿ, ಫೋನಿಗೆ ಕೇಳಿ, ಅವನ ಉತ್ತರ ಕೇಳಿಸಿಕೊಂಡು ತಾನೂ ಉಂಡಳು. ಕೈ ತೊಳೆದು ಬಂದವಳು ಮತ್ತೆ ಮೈಕ್ ಒತ್ತಿದಳು.

"ಯಾವಾಗ್ ಬತ್ತೀಯ ಮಗಾ?"

ಫೋನು ಸ್ವಲ್ಪ ಹೊತ್ತು ಹುಡುಕಿತು. ಮಳೆ ಯಾವಾಗ ಬರುತ್ತದೆ ಎನ್ನುವ ವಿಡಿಯೋ ಬಂತು. ಸರ್ಕಾರದ ಕಂತಿನ ಹಣ ಯಾವಾಗ ಬರುತ್ತದೆ ಎನ್ನುವುದು ಬಂತು. ಅವ್ವ ಕೆಳಕ್ಕೆ ಕೆಳಕ್ಕೆ ಸರಿಸಿ ನೋಡಿ, ಫೋನನ್ನು ನನ್ನ ಕೈಗಿತ್ತಳು.

"ಇದ್ಕೂ ಒಂದ್ ಬರ್ದಾಕಪ್ಪಾ."

ಹುಡುಕಿದರೆ ಸಿಗದೆ ಇರುವುದಿಲ್ಲ. ಅಷ್ಟೊಂದು ಕಾರ್ಡುಗಳಲ್ಲಿ ಎಲ್ಲೋ ಒಂದು ಕಡೆ ಅವನು ಯಾರಿಗೋ ಫೋನಿನಲ್ಲಿ, ಸಂಜೆ ಬರುತ್ತೇನೆ ಎಂದು ಹೇಳಿಯೇ ಇರುತ್ತಾನೆ. ಎಡಿಟರ್ ಅದನ್ನು ಕತ್ತರಿಸಿ ಕೊಡುತ್ತಾರೆ, ನಾನು ಟೈಟಲ್ ಬರೆಯುತ್ತೇನೆ, ಅವ್ವ ದಿನಾ ಸಂಜೆ ಬಾಗಿಲಲ್ಲಿ ಕೂರುತ್ತಾಳೆ.

"ಇದ್ಕ್ ಬರಿಯಕ್ಕಾಗಲ್ಲ ಕಣವ್ವಾ. ಅವ್ನ್ ಬರಾಕಿಲ್ಲ" ಎಂದೆ.

ಆ ಮನೆಯಲ್ಲಿ ಅದುವರೆಗೆ ಯಾರೂ ಅವಳ ಎದುರು ಆ ಮಾತನ್ನು ಆಡಿರಲಿಲ್ಲ. ಅವ್ವ ನನ್ನ ಕೈಯಿಂದ ಫೋನು ಈಸಿಕೊಂಡು ಸೆರಗಿನಲ್ಲಿ ಒರೆಸಿದಳು.

"ಗೊತ್ತು ಕಣಪ್ಪಾ. ಮೂರ್ ಇಡಿ ಮಣ್ ಆಕ್ದೋಳು ನಾನೇ ಅಲ್ವಾ?" ಎಂದಳು. "ಕೇಳ್‌ಬಾರ್ದಾ?"